ಹಿಂದಿನ ಕೋಣೆಯಿಂದ ಎರಡು ತಟ್ಟು

ಮಧ್ಯಾಹ್ನದ ಊಟ ಮುಗಿದು ಸ್ವಲ್ಪ ಹೊತ್ತಿಗೆ ರಸ್ತೆಬದಿಯ ಹಲಗೆಗಳು ಶುರುವಾದವು. ಬಿಳಿ ಬಣ್ಣ ಬಳಿದ ಹಲಗೆ, ಅದರ ಮೇಲೆ ಕೈ ನಡುಗುತ್ತ ಬರೆದಂಥ ಕೆಂಪಕ್ಷರ. ಮೊದಲನೆಯದರಲ್ಲಿ ‘ಊಟಕ್ಕೆ ಕೂತಿದ್ದಾರೆ’ ಎಂದಿತ್ತು. ಆಮೇಲೆ ತುಂಬ ದೂರ ಬರೀ ಹುಲ್ಲು. ಆಮೇಲೆ ‘ನಿಮಗೋಸ್ಕರ ಕಾದಿದ್ದಾರೆ’. ಮತ್ತೆ ಹುಲ್ಲು, ತಂತಿಬೇಲಿ, ಬಯಲ ಮೇಲೆ ಜಾರುವ ಮೋಡದ ನೆರಳು. ಆಮೇಲೆ ‘ಒಂದು ಕುರ್ಚಿ ಇನ್ನೂ ಖಾಲಿ ಇದೆ’.

“ಅಪ್ಪಾ, ನಿಲ್ಲಿಸ್ತೀಯ ತಾನೆ?” ಎಂದ ಆರು ವರ್ಷದ ಒಟಿಸ್.

“ನಿಲ್ಲಿಸದೆ ಇರೋಕಾಗುತ್ತಾ? ಪಾಪ, ಸೂಪು ಆರಿಹೋಗುತ್ತೆ,” ಎಂದ ಡುವೇನ್.

ಡುವೇನ್ ಟ್ವೆಟ್ ಮಿನೆಸೋಟದಲ್ಲಿ ಹಾಲಿನ ಟ್ಯಾಂಕರ್ ಓಡಿಸುವವನು. ಈ ಮನೆಗಾಡಿ ಅವನ ಅಣ್ಣನದು. ಒಳಗೇ ಒಲೆ, ಮಡಚುವ ಮೇಜು, ಹಿಂತುದಿಯಲ್ಲಿ ಬಾಗಿಲಿರುವ ಒಂದು ಪುಟ್ಟ ಮಲಗುವ ಕೋಣೆ. ಪೆಟ್ರೋಲಿಗೆ ಜನ ಸಾಲು ನಿಲ್ಲುತ್ತಿದ್ದ ಆ ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಅಣ್ಣ ಇದರ ಹೊಟ್ಟೆ ತುಂಬಿಸಲಾರದೆ, “ತಗೊಂಡು ಹೋಗು ಮಾರಾಯ, ನಾಯಿ ಸಾಕಿದ ಹಾಗೆ ಇದನ್ನ ಸಾಕಿ ಸಾಕಾಗಿದೆ,” ಎಂದು ಕೀಲಿ ಕೊಟ್ಟಿದ್ದ. ಬ್ಲ್ಯಾಕ್ ಹಿಲ್ಸ್ ತನಕ ಹೋಗಿ ಬರುವುದು ಅಂತಾಗಿತ್ತು. ಆದರೆ ದಾರಿಯಲ್ಲಿ ಕಂಡ ಹಲಗೆಗೆಲ್ಲ ನಿಲ್ಲಿಸುತ್ತ ಹೊರಟಿದ್ದರಿಂದ ಬೆಟ್ಟ ಇನ್ನೂ ದೂರವೇ ಇತ್ತು. ಸಿಮೆಂಟಿನ ದೈತ್ಯ ಕೋಳಿ ನೋಡಿದ್ದಾಯಿತು. ಎರಡು ತಲೆಯ ಕರು ನೋಡಿದ್ದಾಯಿತು. ಬಾಟಲಿಗಳಿಂದಲೇ ಕಟ್ಟಿದ ಮನೆಯೊಳಗೆ ಹೊಕ್ಕು ಹೊರಬಂದದ್ದಾಯಿತು.

ಇದ್ಯಾವುದನ್ನೂ ಮಾರ್ಲಿಸ್ ನೋಡಿರಲಿಲ್ಲ. ಅವಳು ಹಿಂದಿನ ಕೋಣೆಯಲ್ಲಿ ಮಲಗಿದ್ದಳು.

ಟರ್ಕಿ ಕೋಳಿ ಕಡಿಯುವ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವವಳಿಗೆ ಹಗಲೆಂದರೆ ನಿದ್ದೆಯ ಹೊತ್ತು. ರಜೆ ಸಿಕ್ಕಿತೆಂದು ಮೈ ಒಂದೇ ಏಟಿಗೆ ಆ ಲೆಕ್ಕ ಬಿಟ್ಟುಕೊಡುತ್ತದೆಯೇ? ರೆಕ್ಕೆ ಕತ್ತರಿಸಿ ಕತ್ತರಿಸಿ ಸೆಟೆದುಹೋದ ಬೆರಳುಗಳನ್ನು ಹೊದಿಕೆಯ ಹೊರಗೆ ಚಾಚಿ, ಗೋಡೆಗೆ ಮುಖ ಮಾಡಿ ಮಲಗಿಬಿಡುವಳು. ಪ್ರತಿ ಸಲ ಗಾಡಿ ಹೊರಡುವ ಮುಂಚೆ ಡುವೇನ್ “ಎಲ್ಲರೂ ಇದೀರಾ?” ಎಂದು ಕೂಗುವನು. ಮಕ್ಕಳು “ಇದೀವಿ” ಎನ್ನುವರು. ಮಾರ್ಲಿಸ್ ಬಾಯಿ ತೆರೆಯುವ ತ್ರಾಣವಿಲ್ಲದೆ ಗೋಡೆಯನ್ನು ಎರಡು ಸಲ ತಟ್ಟುವಳು. ಎರಡು ತಟ್ಟು ಅಂದರೆ ನಾನಿದ್ದೇನೆ, ಹೊರಡು ಎಂದು.

ಆವತ್ತು ಬೆಳಿಗ್ಗೆ ಒಟಿಸ್ ಅವಳ ಪಕ್ಕ ಬಂದು ಮಲಗಿ ಕಥೆ ಕೇಳಿದ್ದ. ಅವಳು ಹೇಳುತ್ತಿದ್ದುದು ಒಂದೇ ಕಥೆ, ತನ್ನದೇ ಕಟ್ಟುಕಥೆ: ಕೋಳಿಯೊಂದು ಮನೆ ಬಿಟ್ಟು ಸರೋವರ ನೋಡಲು ನಡೆದುಕೊಂಡು ಹೋಗುವುದು. ಕೋಳಿ ಸೇತುವೆ ಹತ್ತಿರ ಬರುವಷ್ಟರಲ್ಲಿ ಅವಳಿಗೆ ಪ್ರತಿ ಸಲವೂ ನಿದ್ದೆ ಹತ್ತುತ್ತಿತ್ತು. ಇವತ್ತೂ ಹಾಗೇ ಆಗಿತ್ತು. ಕಣ್ಣು ಬಿಟ್ಟಾಗ ಮಗ ಅವಳ ಮುಖವನ್ನೇ ನೋಡುತ್ತಿದ್ದ.

“ಅಮ್ಮಾ, ನೀನು ನಮ್ಮ ಜೊತೆ ಬಂದೇ ಇಲ್ಲ ಅನ್ನಿಸುತ್ತೆ,” ಎಂದಿದ್ದ. ದೂರಿನ ದನಿಯಲ್ಲಲ್ಲ, ಸುಮ್ಮನೆ.

ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲೇ ಕೂತಿತ್ತು. ಹಾಗಾಗಿ ಗಾಡಿ ನಿಂತಾಗ ಮಾರ್ಲಿಸ್ ಎದ್ದಳು, ತನ್ನ ಹಸಿರು ಸ್ವೆಟರ್ ಹಾಕಿಕೊಂಡಳು, ಇಳಿದಳು.

“ಅರೆ, ಯಾರಿದು?” ಎಂದಳು ಹದಿಮೂರರ ಮಗಳು ಕೋರಾ. “ಅಪ್ಪಾ, ನಮ್ಮ ಗಾಡೀಲಿ ಇನ್ನೊಬ್ರು ಇದ್ರಂತೆ.”

“ನಾನೂ ಈಗಲೇ ನೋಡಿದ್ದು. ಬಾಡಿಗೆ ಕೇಳೋಣ,” ಎಂದ ಡುವೇನ್.

ಮನೆ ಒಂಟಿಯಾಗಿತ್ತು. ಸುತ್ತ ಗಾಳಿ ಬಿಟ್ಟರೆ ಏನಿಲ್ಲ. ಬಾಗಿಲಲ್ಲಿ ನಿಂತಿದ್ದ ಮುದುಕಿಯ ಹೆಸರು ಆಲ್ವಿನಾ. ಟಿಕೆಟ್ ಇಲ್ಲ ಎಂದಳು. ಒಳಗೆ ಬಂದವರು ತಾವು ತೊಟ್ಟ ಒಂದು ಬಟ್ಟೆ ಬಿಟ್ಟುಹೋಗಬೇಕು, ಅಷ್ಟೇ. ಅದರಲ್ಲಿ ಅಚ್ಚರಿಯೇನಿರಲಿಲ್ಲ. ಈ ಹೆದ್ದಾರಿಗಳಲ್ಲಿ ಒಂದು ಕಡೆ ಮರಕ್ಕೆ ಶೂ ಎಸೆಯಬೇಕು, ಇನ್ನೊಂದು ಕಡೆ ಗೋಡೆಗೆ ಟೋಪಿ ಮೊಳೆ ಹೊಡೆಯಬೇಕು. ಏನಾದರೂ ಬಿಟ್ಟು ಹೋಗದಿದ್ದರೆ ಬಂದ ಹಾಗೇ ಅಲ್ಲ.

ಒಳಗೆ ಉದ್ದನೆಯ ಊಟದ ಮೇಜು. ಎರಡೂ ಬದಿಗೆ ಆಳೆತ್ತರದ ಬೊಂಬೆಗಳು. ಒಬ್ಬನಿಗೆ ಪೋಸ್ಟ್‌ಮನ್ ಕೋಟು, ಒಬ್ಬಳಿಗೆ ಮದುವೆಯ ಗೌನು, ಒಂದು ಮಗುವಿಗೆ ಬೇಸ್‌ಬಾಲ್ ಟೋಪಿ. ಮುಖಕ್ಕೆ ಕಾಲುಚೀಲದ ಬಟ್ಟೆ, ಅದರ ಮೇಲೆ ದಾರದಲ್ಲಿ ಹೊಲಿದ ಕಣ್ಣು. ಎಲ್ಲರ ಮುಂದೂ ತಟ್ಟೆ. ಎಲ್ಲರ ಕೈಗೂ ಕೈಗವಸು.

“ಗ್ಲೌಸ್ ಹಾಕ್ಕೊಂಡು ಯಾರಾದ್ರೂ ಊಟ ಮಾಡ್ತಾರಾ?” ಒಟಿಸ್ ಕೇಳಿದ.

“ಮುಖ ಹೇಗೋ ಮಾಡ್ತೀನಿ ಕಣೋ. ಕೈ ಮಾತ್ರ ನಂಗೆ ಬರಲ್ಲ,” ಎಂದಳು ಆಲ್ವಿನಾ. “ಬೆರಳು ಅಂದ್ರೆ ಕಷ್ಟ. ಅದಕ್ಕೆ ಗ್ಲೌಸಿಗೆ ಓಟ್ಸ್ ತುಂಬಿ ಹೊಲಿದುಬಿಡ್ತೀನಿ.” ಹಾಗೆನ್ನುತ್ತ ಅವಳು ಮಾರ್ಲಿಸ್‌ಳ ಕೈಗಳನ್ನೇ ನೋಡುತ್ತಿದ್ದಳು, ಅಂಗಡಿಯಲ್ಲಿ ಬಟ್ಟೆ ನೋಡುವ ಹಾಗೆ.

ಮೇಜಿನ ತುದಿಯ ಕುರ್ಚಿ ಖಾಲಿ. ಬಾಗಿಲ ಹಿಂದೆ ಗೋಣಿಯ ಮೈಯ ಹೆಣ್ಣುಬೊಂಬೆಯೊಂದು ಗೋಡೆಗೆ ಒರಗಿತ್ತು. ತೊಟ್ಟದ್ದು ಕೈಗವಸು ಮಾತ್ರ.

“ಇವಳ್ಯಾಕೆ ಕೂತಿಲ್ಲ?” ಎಂದ ಒಟಿಸ್.

“ಬಟ್ಟೆ ಇಲ್ಲದೆ ಊಟಕ್ಕೆ ಕೂರಿಸ್ತಾರೇನೋ, ಮಾನಗೆಟ್ಟವನೆ? ಇವಳ ಅಳತೇದು ಇವತ್ತಿನ ತನಕ ಯಾರೂ ಬಿಟ್ಟುಹೋಗಿಲ್ಲ.”

ಕೊಡಬಹುದಾದದ್ದು ಮಾರ್ಲಿಸ್‌ಳ ಹತ್ತಿರ ಒಂದೇ ಇತ್ತು. ಪಾಳಿ ಮುಗಿಸಿ ಬರುವಾಗೆಲ್ಲ ಹಾಕಿಕೊಂಡು ಬರುತ್ತಿದ್ದ ಹಸಿರು ಸ್ವೆಟರ್. ಒಂದು ಗುಂಡಿ ಬಿದ್ದುಹೋಗಿ ಬಹಳ ದಿನವಾಗಿತ್ತು, ಹೊಲಿಯಬೇಕು ಹೊಲಿಯಬೇಕು ಎಂದು ಹಾಗೇ ಉಳಿದಿತ್ತು. ಬಿಚ್ಚಿ ಕೊಟ್ಟಳು. ಆಲ್ವಿನಾ ಅಲ್ಲೇ ಸೂಜಿ ತೆಗೆದು ಗುಂಡಿ ಹಚ್ಚಿ, ಬೊಂಬೆಗೆ ತೊಡಿಸಿ, ಕುರ್ಚಿಯಲ್ಲಿ ಕೂರಿಸಿದಳು. ಅಳತೆ ಹೇಳಿ ಮಾಡಿಸಿದ ಹಾಗಿತ್ತು.

“ಥೇಟ್ ಅಮ್ಮ,” ಎಂದ ಒಟಿಸ್.

“ಅಮ್ಮನಿಗಿಂತ ವಾಸಿ,” ಎಂದಳು ಕೋರಾ. “ಕಣ್ಣಾದ್ರೂ ಬಿಟ್ಕೊಂಡು ಕೂತಿದಾಳೆ.”

ಡುವೇನ್ ನಕ್ಕ. ಮಾರ್ಲಿಸ್ ಕೂಡ ನಕ್ಕಳು. ನಗದೆ ಏನು ಮಾಡುವುದು.

ಶೌಚಾಲಯ ಮನೆಯ ಹಿಂಬದಿಗಿತ್ತು. ಅಲ್ಲಿಂದ ಬರುವಾಗ ಮಾರ್ಲಿಸ್‌ಗೆ ನೆರಳಲ್ಲೊಂದು ಬೆಂಚು ಕಂಡಿತು. ಒಂದು ಗಳಿಗೆ ಕೂರೋಣ ಎಂದು ಕೂತಳು. ಒಂದು ಗಳಿಗೆ ಕಣ್ಣು ಮುಚ್ಚೋಣ ಎಂದು ಮುಚ್ಚಿದಳು. ಎಂಜಿನ್ ಶುರುವಾದದ್ದು ಕನಸಿನಲ್ಲೋ ಎಂಬಂತೆ ಕೇಳಿತು. “ಎಲ್ಲರೂ ಇದೀರಾ?” ಎಂಬ ಕೂಗು, ಮಕ್ಕಳ “ಇದೀವಿ”. ಆಮೇಲೆ ತುಸು ಮೌನ. ಆ ಮೌನ ತನ್ನದು, ತಾನು ತಟ್ಟಬೇಕಾದದ್ದು ಎಂದು ನಿದ್ದೆಯಲ್ಲೇ ಹೊಳೆದು ಅವಳು ಕೈ ಎತ್ತಿದಳು. ಬೆಂಚಿನ ಮರ ಕೈಗೆ ಸಿಗುವ ಮುಂಚೆಯೇ ಅತ್ತ ಕಡೆಯಿಂದ ಎರಡು ತಟ್ಟು ಕೇಳಿಸಿತು. ಮೆತ್ತಗೆ, ಬಟ್ಟೆ ಸುತ್ತಿದ ಕೈ ತಟ್ಟಿದ ಹಾಗೆ.

ಓಡಿಬಂದು ನೋಡಿದರೆ ಮನೆಗಾಡಿ ರಸ್ತೆಗೆ ಹತ್ತಿ ಸಣ್ಣದಾಗುತ್ತಿತ್ತು.

ಮೊದಲು ಅವಳಿಗೆ ನಗುವೇ ಬಂತು. ಮನೆಗಾಡಿಯವರಿಗೆಲ್ಲ ಒಂದಲ್ಲ ಒಂದು ದಿನ ಆಗುವ ಎಡವಟ್ಟು ಇದು. ಹಿಂದೆ ಮಲಗಿದ್ದಾಳೆ ಅಂದುಕೊಂಡು ಹೆಂಡತಿಯನ್ನು ಬಿಟ್ಟು ಹೋಗುವುದು, ಆಮೇಲೆ ಜೀವಮಾನವಿಡೀ ಅದನ್ನು ಹೇಳಿಸಿಕೊಳ್ಳುವುದು. ಕಾಫಿ ಬೇಕೆಂದು ಯಾರಾದರೂ ಹಿಂದೆ ಹೋಗಿ ನೋಡುತ್ತಾರೆ, ತಿರುಗಿಸಿಕೊಂಡು ಬರುತ್ತಾರೆ. ಅಷ್ಟೇ.

“ನಿಮ್ಮ ಹತ್ರ ಸಿ.ಬಿ. ಇದೆಯಾ?” ಎಂದು ಆಲ್ವಿನಾಳನ್ನು ಕೇಳಿದಳು. ಲಾರಿಯವರು ದಾರಿಯುದ್ದಕ್ಕೂ ಒಬ್ಬರಿಗೊಬ್ಬರು ಹರಟುವ ಆ ರೇಡಿಯೊ ಡುವೇನ್‌ನ ಕೈಗೆ ಅಂಟಿಕೊಂಡಿದ್ದಂಥದು. ಅದರಲ್ಲಿ ಅವನ ಹೆಸರು ‘ಮುದಿ ಗೂಬೆ’, ಕೋರಾಳದು ‘ಕೆಂಪು ಕಪ್ಪೆ’. ಮಾರ್ಲಿಸ್‌ಗೆ ಹೆಸರಿರಲಿಲ್ಲ. ಅವಳು ಯಾವತ್ತೂ ಅದರಲ್ಲಿ ಮಾತಾಡಿರಲಿಲ್ಲ.

ಮುದುಕಿ ಅಡುಗೆಮನೆಗೆ ಕರೆದೊಯ್ದಳು. ಊಟದ ಮೇಜಿನ ಪಕ್ಕದಿಂದಲೇ ದಾರಿ. ಹಾದುಹೋಗುವಾಗ ಮಾರ್ಲಿಸ್ ಬೇಡವೆಂದರೂ ಕಣ್ಣು ತುದಿಯ ಕುರ್ಚಿಯತ್ತ ಹೊರಳಿತು.

ಕುರ್ಚಿ ಖಾಲಿ ಇತ್ತು.

“ಅವಳೆಲ್ಲಿ?”

ಆಲ್ವಿನಾ ಕುರ್ಚಿ ನೋಡಿದಳು, ಮಾರ್ಲಿಸ್‌ಳನ್ನು ನೋಡಿದಳು. “ಬಟ್ಟೆ ಸಿಕ್ಕಿದ ಕೂಡಲೆ ಕಾಲು ನಿಲ್ಲಲ್ಲ ಕೆಲವರಿಗೆ,” ಎಂದಳು, ಬೀದಿಗೆ ಹೋದ ಬೆಕ್ಕಿನ ಬಗ್ಗೆ ಹೇಳುವ ಹಾಗೆ.

ಮಾರ್ಲಿಸ್ ಅಡುಗೆಮನೆಗೆ ನುಗ್ಗಿ ರೇಡಿಯೊದ ಮೈಕು ಕಿತ್ತುಕೊಂಡಳು. “ಡುವೇನ್, ಕೋರಾ, ನಾನು. ಗಾಡಿ ತಿರುಗಿಸಿ. ಕೇಳ್ತಿದೆಯಾ? ಡುವೇನ್?” ಒತ್ತಿದ ಗುಂಡಿಯಿಂದ ಬೆರಳು ತೆಗೆಯದೆ ಮತ್ತೆ ಮತ್ತೆ ಕೂಗಿದಳು.

“ಗುಂಡಿ ಬಿಡು ಮಗಳೇ. ಒತ್ತಿ ಹಿಡಿದಿರೋ ತನಕ ಬರೀ ನೀನೇ ಮಾತಾಡ್ತಿರ್ತೀಯ. ಬಿಟ್ಟರೆ ತಾನೆ ಅವರದು ಕೇಳೋದು,” ಎಂದಳು ಆಲ್ವಿನಾ.

ಬಿಟ್ಟಳು. ಕರಕರ ಸದ್ದಿನ ನಡುವೆ ಕೋರಾಳ ದನಿ ಬಂತು. “...ಯಾರಿದು? ಇಲ್ಲಿ ಕೆಂಪು ಕಪ್ಪೆ.”

“ಅಮ್ಮ ಕಣೇ. ನನ್ನ ಬಿಟ್ಟು ಹೋಗಿದೀರಿ.”

“ಅಮ್ಮ ಹಿಂದೆ ಮಲಗಿದಾಳೆ.”

“ಇಲ್ಲ ಕೋರಾ. ನಾನು ಆ ಮುದುಕಿ ಮನೇಲಿದೀನಿ.”

“ರೀ, ಈಗ ತಾನೆ ನೋಡ್ಕೊಂಡು ಬಂದೆ. ಗೋಡೆ ಕಡೆ ತಿರುಗಿ ಮಲಗಿದಾಳೆ, ಹಸಿರು ಸ್ವೆಟರ್ ಹಾಕ್ಕೊಂಡು. ಬೇರೆ ಯಾರ ಜೊತೆನಾದ್ರೂ ಆಟ ಆಡಿ.”

ಹಸಿರು ಸ್ವೆಟರನ್ನು ಯಾರು ಯಾರಿಗೆ ಕೊಟ್ಟರು ಎಂಬುದು ಹುಡುಗಿಗೆ ಹೊಳೆಯಲೇ ಇಲ್ಲ. ಅಮ್ಮ ಎಂದರೆ ಆ ಸ್ವೆಟರ್, ಗೋಡೆಗೆ ತಿರುಗಿದ ಬೆನ್ನು. ಅದು ಅಲ್ಲಿತ್ತು. ಮುಖ ನೋಡುವ ಅಭ್ಯಾಸ ಯಾರಿಗೂ ಉಳಿದಿರಲಿಲ್ಲ.

ಡುವೇನ್ ಮೈಕು ತಗೊಂಡ. “ನೋಡಿಯಮ್ಮ, ಯಾರೋ ಏನೋ ನೀವು. ಇರೋ ಒಬ್ಬಳು ಹೆಂಡ್ತೀನೇ ಸಾಕೋಕಾಗ್ತಿಲ್ಲ ನಂಗೆ. ಇನ್ನೊಬ್ಬಳು ಬೇಡ.”

“ಡುವೇನ್, ನಾನು ಮಾರ್ಲಿಸ್.”

“ನಮ್ಮವಳು ರೇಡಿಯೊ ಮುಟ್ಟೋಳೇ ಅಲ್ಲ. ಹೊರಡುವಾಗ ಎರಡು ಸಲ ತಟ್ಟಿದಾಳೆ, ನಾನೇ ಕೇಳಿದೀನಿ.”

ನಡುವೆ ಯಾರೋ ಲಾರಿಯವನು ಬಾಯಿ ಹಾಕಿದ. “ಏನ್ ಗೂಬೆ, ಹೆಂಡ್ತಿ ಎರಡಾದ್ರಾ? ಬೇಕಾದ್ರೆ ನಂದೂ ಒಂದು ತಗೊಂಡು ಹೋಗು, ಸಾಗಣೆ ಖರ್ಚು ನಾನೇ ಕೊಡ್ತೀನಿ.” ಇನ್ನೊಬ್ಬ ನಕ್ಕ. ಅವರ ನಗೆ ಮುಗಿಯುವ ಹೊತ್ತಿಗೆ ಡುವೇನ್‌ನ ದನಿ ಇನ್ನಷ್ಟು ಸಣ್ಣದಾಗಿತ್ತು.

“ಬೇಗ ಹೇಳು,” ಎಂದಳು ಆಲ್ವಿನಾ ಕಿಟಕಿಯತ್ತ ನೋಡುತ್ತ. “ಆ ದಿಬ್ಬ ಇಳಿದರೆ ಈ ಡಬ್ಬಕ್ಕೆ ಅವರು ಸಿಗಲ್ಲ.”

ಏನು ಹೇಳುವುದು? ನಾನೇ ನಾನು ಎನ್ನುವುದಕ್ಕೆ ತನ್ನಲ್ಲಿ ಏನಿದೆ ಎಂದು ಮಾರ್ಲಿಸ್ ಹುಡುಕಿದಳು. ಮದುವೆಯ ದಿನ, ಹೆರಿಗೆಯ ದಿನ ಎಲ್ಲವೂ ನೆನಪಿಗೆ ಬಂದವು. ಅವನ್ನೆಲ್ಲ ಲಾರಿಯವರ ಮುಂದೆ ಹರಡಲು ನಾಲಿಗೆ ಏಳಲಿಲ್ಲ. ಗುಂಡಿ ಬಿಟ್ಟಳು. ಆಗ ಕೇಳಿಸಿತು, ಅತ್ತ ಡುವೇನ್ ಒತ್ತಿಹಿಡಿದಿದ್ದ ಮೈಕಿನಲ್ಲಿ, ಕೋರಾ ಅಪ್ಪನಿಗೆ ಹೇಳುತ್ತಿದ್ದುದು: “ಮೆಲ್ಲಗೆ ಮಾತಾಡಪ್ಪ, ಒಟಿಸ್ ಅಮ್ಮನ ಪಕ್ಕ ಹೋಗಿ ಮಲಗಿದಾನೆ. ಕಥೆ ಹೇಳ್ತಿದಾಳೆ.”

ಮಾರ್ಲಿಸ್ ಮತ್ತೆ ಮೈಕು ಬಾಯಿಯ ಹತ್ತಿರ ತಂದಳು. ಆಗ ಅವಳ ಕೈಗಳೇ ಅವಳಿಗೆ ಕಂಡವು, ಮೈಕು ಹಿಡಿದ ಕೈ. ಊದಿದ ಗೆಣ್ಣು, ಹೆಬ್ಬೆರಳ ಮೇಲೆ ಚಾಕುವಿನ ಗಾಯದ ಬಿಳಿ ಗೆರೆ.

“ಕೋರಾ, ಒಂದೇ ಒಂದು ಮಾತು ಕೇಳು, ಆಮೇಲೆ ಬೇಕಾದ್ರೆ ಬಂದ್ ಮಾಡು. ಹಿಂದೆ ಹೋಗಿ ಅವಳ ಕೈ ನೋಡು. ನಾನು ಮಲಗೋವಾಗ ಕೈ ಎಲ್ಲಿ ಇಡ್ತೀನಿ ನಿಂಗೆ ಗೊತ್ತು. ಹೊದಿಕೆ ಎತ್ತಿ ಕೈ ನೋಡು.”

ಗುಂಡಿ ಬಿಟ್ಟಳು. ಕರಕರ, ಕರಕರ. ಎಷ್ಟೋ ಹೊತ್ತಿನ ಮೇಲೆ, ಬಾವಿಯ ಒಳಗಿನಿಂದ ಬಂದ ಹಾಗೆ, ಮಗಳ ದನಿ: “ಅಮ್ಮಾ. ಗ್ಲೌಸು ಹಾಕ್ಕೊಂಡಿದಾಳೆ.”

ಆಮೇಲೆ ರೇಡಿಯೊದಲ್ಲಿ ಏನೂ ಇರಲಿಲ್ಲ.

ಮಾರ್ಲಿಸ್ ಹೊರಗೆ ಬಂದು ರಸ್ತೆಯ ನಡುವೆಯೇ ನಿಂತಳು. ಗಾಳಿಗೆ ಹುಲ್ಲು ಒಂದೇ ಕಡೆ ಬಾಗಿತ್ತು. ಆಲ್ವಿನಾ ಕಾಫಿ ತಂದು ಕೊಟ್ಟಳು. ಅದು ಕೈಯಲ್ಲೇ ತಣ್ಣಗಾಯಿತು. ಕೊನೆಗೆ ದಿಬ್ಬದ ಮೇಲೆ ಮನೆಗಾಡಿಯ ಬಿಳಿ ನೆತ್ತಿ ಕಂಡಾಗ ಅವಳು ಲೋಟವನ್ನು ರಸ್ತೆಯ ಮೇಲೇ ಇಟ್ಟು ಎರಡೂ ಕೈ ಎತ್ತಿ ಬೀಸಿದಳು.

ಡುವೇನ್ ಇಳಿದ. ಮುಖದಲ್ಲಿ ರಕ್ತವಿರಲಿಲ್ಲ. ಮುಂದಿನ ಸೀಟಿನಲ್ಲಿ ಕೋರಾ ತಮ್ಮನನ್ನು ಅವುಚಿಕೊಂಡು ಕೂತಿದ್ದಳು. ಹಿಂದಿನ ಕೋಣೆಯ ಬಾಗಿಲಿನ ಹಿಡಿಯನ್ನು ಡುವೇನ್‌ನ ಬೆಲ್ಟಿನಿಂದ ಒಲೆಯ ಕಂಬಿಗೆ ಬಿಗಿದು ಕಟ್ಟಿತ್ತು.

“ನಾನು ಪೂರ್ತಿ ನೋಡಲಿಲ್ಲ ಮಾರ್ಲಿಸ್. ಒಟಿಸ್‌ನ ಎತ್ಕೊಂಡೆ, ಬಾಗಿಲು ಕಟ್ದೆ,” ಎಂದ. ಅವಳ ಎರಡೂ ಕೈ ಹಿಡಿದು ತಿರುಗಿಸಿ ನೋಡಿದ. “ತಟ್ಟಿದ್ದು ಕೇಳಿಸ್ತು ಕಣೆ. ದೇವರಾಣೆ.”

“ನನಗೂ ಕೇಳಿಸ್ತು,” ಎಂದಳು ಅವಳು.

ಆಲ್ವಿನಾ ಯಾರನ್ನೂ ಕೇಳದೆ ಗಾಡಿ ಹತ್ತಿ ಬೆಲ್ಟು ಬಿಚ್ಚಿದಳು. ಒಳಗಿಂದ ಬೈಗುಳ ಕೇಳಿಸಿತು, ತಾಯಂದಿರು ಬೈಯುವಂಥ ಸಣ್ಣ ಬೈಗುಳ. ಬೊಂಬೆಯನ್ನು ಮೂಟೆಯ ಹಾಗೆ ಹೆಗಲಿಗೆ ಹಾಕಿಕೊಂಡು ಇಳಿದಳು. ಕೈಗವಸುಗಳು ಬೆನ್ನ ಹಿಂದೆ ತೂಗಾಡುತ್ತಿದ್ದವು. “ಸ್ವೆಟರ್ ಬಿಚ್ಚಿ ಕೊಡ್ಲಾ?” ಎಂದು ಕೇಳಿದಳು. ಬೇಡ ಎಂದಳು ಮಾರ್ಲಿಸ್. ಆ ಹಸಿರನ್ನು ಮತ್ತೆ ಮೈಗೆ ಹಾಕಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಹಿಂದಿನ ಕೋಣೆಗೆ ಯಾರೂ ಹೋಗಲಿಲ್ಲ. ಹಾಸಿಗೆಯ ಮೇಲೆ ಓಟ್ಸ್ ಕಾಳು ಚೆಲ್ಲಿದ್ದವು, ಗೋಡೆಯ ಕಡೆಗೊಂದು ತಗ್ಗು ಬಿದ್ದಿತ್ತು. ಮಾರ್ಲಿಸ್ ಮುಂದೆ, ಗಂಡನ ಪಕ್ಕದಲ್ಲಿ, ಒಟಿಸ್‌ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತಳು. ಈ ಪ್ರಯಾಣದಲ್ಲಿ ಅವಳು ಮುಂದೆ ಕೂತದ್ದು ಇದೇ ಮೊದಲು. ಡುವೇನ್ ಅಭ್ಯಾಸಬಲದಿಂದ “ಎಲ್ಲರೂ...” ಎಂದವನು ಅರ್ಧಕ್ಕೇ ನಿಲ್ಲಿಸಿದ. ನಾಲ್ವರೂ ಉಸಿರು ಬಿಗಿಹಿಡಿದು ಕಿವಿಗೊಟ್ಟರು. ಹಿಂದಿನಿಂದ ಏನೂ ಕೇಳಲಿಲ್ಲ. ಗಾಡಿ ಹೊರಟಿತು.

ತುಸು ದೂರ ಹೋದ ಮೇಲೆ ಒಟಿಸ್ ಅವಳ ಕಿವಿಯ ಹತ್ತಿರ ಬಂದ. “ಅವಳು ಕೋಳಿ ಕಥೆ ಹೇಳಿದ್ಲು. ಸೇತುವೆ ದಾಟಿಸಿದ್ಲು. ನಡುವೆ ನಿದ್ದೆ ಮಾಡಲಿಲ್ಲ.”

“ಹೌದಾ?” ಎಂದಳು. ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿಸಿತು.

“ಮುಗಿಯೋಕೆ ಮುಂಚೆ ಅಪ್ಪ ಎತ್ಕೊಂಡುಬಿಟ್ಟ.”

ಆಗ ರೇಡಿಯೊ ಕರಕರ ಎಂದಿತು.

“ಡುವೇನ್,” ಎಂದಿತು ಒಂದು ಹೆಣ್ಣು ದನಿ. “ಕೋರಾ. ನಾನು. ನನ್ನ ಬಿಟ್ಟು ಹೋಗಿದೀರಿ.”

ಮಾರ್ಲಿಸ್‌ಳದೇ ದನಿ. ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲ. ಸ್ವಲ್ಪ ಮುಂಚೆ ಅವಳು ಹೇಳಿದ್ದ ಹಾಗೆಯೇ, ಅದೇ ಒಣಗಿದ ಗಂಟಲಲ್ಲಿ. ಡುವೇನ್‌ನ ಕಾಲು ಬ್ರೇಕಿನ ಮೇಲೆ ಹೋಯಿತು. ಗಾಡಿ ನಿಧಾನವಾಯಿತು. ಅವನು ರೇಡಿಯೊ ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ. ಹಿಂದೆ ನಿಂತಿದ್ದ ಕೋರಾ ಕೂಡ ನೋಡಿದಳು. ಆ ನೋಟದಲ್ಲಿ ಇದ್ದುದೇನೆಂದು ಮಾರ್ಲಿಸ್‌ಗೆ ಗೊತ್ತಿತ್ತು. ಒಮ್ಮೆ ಬೇರೊಬ್ಬಳನ್ನು ಅಮ್ಮನೆಂದು ಕರೆದುಕೊಂಡು ಹೋದವರು, ಇನ್ನೊಮ್ಮೆ ಹಾಗಾಗುವುದಿಲ್ಲ ಎಂದು ಹೇಗೆ ನಂಬುತ್ತಾರೆ? ಬಾಯಿ ತೆರೆದರೆ ಅದೇ ದನಿ ಬರುತ್ತದೆ. ಅವಳು ಬಾಯಿ ತೆರೆಯಲಿಲ್ಲ.

ಒಟಿಸ್ ಅವಳ ಕೈ ಎತ್ತಿಕೊಂಡ. ಕಿರುಬೆರಳಿಂದ ಶುರುಮಾಡಿ ಒಂದೊಂದೇ ಬೆರಳನ್ನು ಹಿಚುಕಿ ನೋಡಿದ, ಒಳಗೆ ಮೂಳೆ ಇದೆಯೇ ಎಂಬಂತೆ. ಹೆಬ್ಬೆರಳಿಗೆ ಬಂದಾಗ ಗಾಯದ ಗೆರೆಯ ಮೇಲೆ ತನ್ನ ಬೆರಳನ್ನು ಉದ್ದಕ್ಕೂ ಎಳೆದ. ಯಾರೂ ಅವನಿಗೆ ಅವಸರ ಮಾಡಲಿಲ್ಲ.

“ಅಪ್ಪಾ,” ಎಂದ. “ಹೋಗು.”

ಡುವೇನ್ ಕಾಲು ತೆಗೆದ. ಗಾಡಿ ಮತ್ತೆ ಓಡಿತು.

ರೇಡಿಯೊದ ದನಿ ನಿಲ್ಲಲಿಲ್ಲ. “ಒಟಿಸ್, ಎಚ್ಚರ ಇದೀಯಾ ಕಂದಾ?” ಎಂದಿತು, ಸ್ವಲ್ಪವೂ ದಣಿವಿಲ್ಲದೆ. “ಸೇತುವೆ ದಾಟಿತಾ? ಆ ಕಡೆ ಒಂದು ಮನೆ ಇತ್ತು. ಕೋಳಿ ಬಾಗಿಲಲ್ಲಿ ನಿಂತು ನೋಡ್ತು. ಒಳಗೆ ಎಲ್ಲರೂ ಊಟಕ್ಕೆ ಕೂತಿದ್ರು...”

ಕೋರಾ ಬಂದ್ ಮಾಡಲು ಕೈ ಚಾಚಿದಳು. ಮಾರ್ಲಿಸ್ ಆ ಕೈ ಹಿಡಿದುಕೊಂಡಳು. ಯಾಕೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಸೇತುವೆಯ ಆಚೆ ಏನಾಯಿತೆಂದು ಅವಳು ಎಂದೂ ಯೋಚಿಸಿರಲಿಲ್ಲ. ಕೇಳಬೇಕೆನಿಸಿತು.

“...ಒಂದು ಕುರ್ಚಿ ಖಾಲಿ ಇತ್ತು. ಕೋಳಿ ಏನು ಮಾಡ್ತು ಅಂದ್ರೆ...”

ಗಾಡಿ ದಿಬ್ಬ ಇಳಿಯಿತು. ದನಿ ಹರಿದು ಹರಿದು, ಬರೀ ಕರಕರವಾಗಿ, ಅದೂ ಇಲ್ಲವಾಯಿತು.

ಎದುರಿಗೆ ಸಂಜೆಯ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತಿತ್ತು. ರೆಪ್ಪೆಗಳು ಮಣಭಾರವಾಗಿದ್ದವು. ಮಾರ್ಲಿಸ್ ಬೆನ್ನು ನೆಟ್ಟಗೆ ಮಾಡಿ ಕೂತಳು. ಮಗ ಅವಳ ಹೆಬ್ಬೆರಳನ್ನು ಇನ್ನೂ ಬಿಟ್ಟಿರಲಿಲ್ಲ.

“ಅಮ್ಮಾ,” ಎಂದ ಒಟಿಸ್. “ಕೋಳಿ ಏನು ಮಾಡ್ತು?”

“ಕೂರಲಿಲ್ಲ,” ಎಂದಳು ಮಾರ್ಲಿಸ್. ಗಂಟಲು ಸರಿಮಾಡಿಕೊಂಡು, ಕಣ್ಣು ಅಗಲ ಬಿಟ್ಟು, ಮುಂದಕ್ಕೆ ಏನು ಹೇಳಬೇಕೆಂದು ಗೊತ್ತಿಲ್ಲದೆಯೇ ಹೇಳತೊಡಗಿದಳು.